ಅಗಸಿ ಓಣಿಗೆ ಒಂದು ಪದ

೨೦೪೭ನೆಯ ಇಸವಿ ಫೆಬ್ರುವರಿ ೧೯, ಮಂಗಳವಾರ, ಬೆಳಗ್ಗೆ ಐದು ಗಂಟೆ ನಲವತ್ತು ನಿಮಿಷ. ಬ್ಯಾಡಗಿ ಪಟ್ಟಣದ ಚರಂಡಿ ನಿಗಾ ಕೇಂದ್ರದ ಗೋಡೆಯಗಲದ ಪರದೆಯಲ್ಲಿ, ಅಗಸಿ ಓಣಿಯ ಹದಿನೇಳು ಮನೆಗಳ ಮುಂದೆ ಆರು ವಾರಗಳಲ್ಲಿ ಒಂದೊಂದಾಗಿ ಬಂದು ನಿಂತಿದ್ದ 'ಅನ್‌ನೋನ್' ಎಂಬ ಬೂದು ಪದ ಅಳಿಸಿಹೋಯಿತು. ಅದರ ಜಾಗದಲ್ಲಿ ಕೆಂಪು ಅಕ್ಷರದ 'ನಾವೆಲ್' ಬಂದು ಕೂತಿತು.

ಪಾಳಿ ಮುಗಿಸಿ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದ ತಂತ್ರಜ್ಞೆ ರಿಯಾನಾ ನದಾಫ್ ಒಂದು ಕಾಲಿನ ಚಪ್ಪಲಿಯಲ್ಲೇ ಹಿಂದಕ್ಕೆ ಬಂದು ಕೇಂದ್ರದ ಮುಖ್ಯಸ್ಥೆಗೆ ಫೋನು ಮಾಡಿದಳು.

"ಮೇಡಮ್, ಎದ್ದೀರೇನ್ರಿ?"

"ಎದ್ದೀನಿ. ಹೇಳು."

"ಅಗಸಿ ಓಣಿ ನಾವೆಲ್ ಆತ್ರಿ."

ಇಂದುಮತಿ ಮುದಗಲ್ ಒಲೆಯ ಮೇಲೆ ಉಕ್ಕಿಬರುತ್ತಿದ್ದ ಹಾಲನ್ನು ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು, "ಬರ್ತೀನಿ" ಎಂದಳು. ಅಗಸಿ ಓಣಿಯ ಮೂರನೆಯ ಮನೆ ಅವಳ ಅಕ್ಕ ಕಸ್ತೂರಿಯದು. ಅಕ್ಕನ ಮಗಳು ವಿನುತಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು ಅದೇ ಮನೆಯಲ್ಲಿ ದಿನ ಎಣಿಸುತ್ತಿದ್ದಳು.

ಪ್ರತಿ ಮನೆಯ ಬಚ್ಚಲು ನೀರು ಹೊರಬೀಳುವಲ್ಲಿ ಅಂಗೈಯಗಲದ ಒಂದು ಪೆಟ್ಟಿಗೆ ಕೂರಿಸಿ ಆಗಲೇ ಎಂಟು ವರ್ಷವಾಗಿತ್ತು. ಜನ ಅದನ್ನು ಮೂಗು ಎನ್ನುತ್ತಿದ್ದರು. ಹರಿದುಹೋಗುವ ನೀರಿನಲ್ಲಿ ಯಾವ ಯಾವ ಸೂಕ್ಷ್ಮಜೀವಿಯ ವಂಶತಂತು ತೇಲುತ್ತಿದೆ ಎಂಬುದನ್ನು ಮೂಗು ಓದುತ್ತದೆ, ಓದಿದ್ದನ್ನು ಕೇಂದ್ರಕ್ಕೆ ಕಳಿಸುತ್ತದೆ. ಕೇಂದ್ರದ ಯಂತ್ರ ಅದನ್ನು ಜಗತ್ತಿನ ಗೊತ್ತಿರುವ ಜೀವಿಗಳ ಭಂಡಾರದೊಡನೆ ತಾಳೆ ನೋಡುತ್ತದೆ. ತಾಳೆಯಾದರೆ ಸುಮ್ಮನಿರುತ್ತದೆ. ಆಗದಿದ್ದರೆ ಒಂದು ಪದ ಹೇಳುತ್ತದೆ. ಬೇರೆ ಕಡೆ ಕಂಡದ್ದು, ಈ ಊರಿಗೆ ಮೊದಲ ಸಲ ಬಂದದ್ದಾದರೆ 'ಅನ್‌ಫೆಮಿಲಿಯರ್'. ಗೊತ್ತಿರುವ ಕುಲದ್ದೇ ಆಗಿ ನಡತೆ ಮಾತ್ರ ಬದಲಾಗಿದ್ದರೆ 'ಸ್ಟ್ರೇಂಜ್'. ಓದು ಇನ್ನೂ ಅರ್ಧಕ್ಕೇ ನಿಂತಿದ್ದರೆ 'ಅನ್‌ನೋನ್'. ಪೂರ್ತಿ ಓದಿಯಾಗಿದೆ, ಆದರೂ ಭಂಡಾರದಲ್ಲಿ ಎಲ್ಲಿಯೂ ಇಲ್ಲ ಎಂದಾದರೆ 'ನಾವೆಲ್'.

ಈ ಪದಗಳಿಗೆ ಕನ್ನಡ ರೂಪ ಕೊಡಲು ಸರ್ಕಾರ ಒಂದು ಸಮಿತಿಯನ್ನೂ ನೇಮಿಸಿತ್ತು. ಸಮಿತಿ ನಾವೆಲ್‌ಗೆ 'ಅಪೂರ್ವ' ಎಂದು ಸೂಚಿಸಿತು. ನಿಮ್ಮ ಓಣಿ ಅಪೂರ್ವವಾಗಿದೆ ಎಂದರೆ ಜನ ಆರತಿ ಹಿಡಿದು ಎದುರುಗೊಂಡಾರು ಎಂದು ಯಾರೋ ಹೇಳಿದ ಮೇಲೆ ಆ ವರದಿ ಮೇಲೆ ಬರಲಿಲ್ಲ. ಅಷ್ಟರಲ್ಲಿ ಇಂಗ್ಲಿಷ್ ಪದಗಳೇ ಓಣಿಗಳಲ್ಲಿ ನೆಲೆಯೂರಿದ್ದವು. ಸೊಸೆ ಹೇಗಿದ್ದಾಳೆಂದು ಕೇಳಿದರೆ ಅತ್ತೆಯರು, "ಇನ್ನ ಅನ್‌ಫೆಮಿಲಿಯರ್ ಅದಾಳ, ಸ್ಟ್ರೇಂಜ್ ಆಗಿಲ್ಲ" ಎನ್ನುತ್ತಿದ್ದರು. ಮಕ್ಕಳು ಮುಟ್ಟಾಟದಲ್ಲಿ ಔಟಾದವನಿಗೆ ನಾವೆಲ್ ಎಂದು ಕೂಗುತ್ತಿದ್ದರು. ಒಂದೊಂದು ಪದ ಬಂದರೆ ಏನೇನು ನಿಲ್ಲುತ್ತದೆ ಎಂಬುದು ಎಲ್ಲರಿಗೂ ಬಾಯಿಪಾಠವಾಗಿತ್ತು. ಸ್ಟ್ರೇಂಜ್ ಆದರೆ ಸಂತೆ ಬಂದ್. ಅನ್‌ನೋನ್ ಆದರೆ ವಾರಕ್ಕೊಮ್ಮೆ ತಪಾಸಣೆ. ನಾವೆಲ್ ಆದರೆ ಓಣಿಯ ಬಾಯಿಗೇ ಬೀಗ, ಇಪ್ಪತ್ತೊಂದು ದಿನ. ಮನೆಯಲ್ಲಿ ತೆರೆದಿಟ್ಟ ಆಹಾರವೆಲ್ಲ ಸುಡಬೇಕು. ಯಾವ ಮನೆಯಲ್ಲಿ ಅದು ಮೊದಲು ಕಂಡಿತೋ ಆ ಮನೆಯವರನ್ನು ಹಾವೇರಿಯ ಪ್ರತ್ಯೇಕ ವಾರ್ಡಿಗೆ ಒಯ್ಯಬೇಕು. ಅವರಲ್ಲಿ ಬಾಣಂತಿ ಇದ್ದರೆ ಕೂಸನ್ನು ಹುಟ್ಟಿದ ಗಳಿಗೆಯಲ್ಲೇ ಬೇರೆ ಮಾಡಿ, ಗಾಜಿನ ಕೋಣೆಯಲ್ಲಿ ಅಷ್ಟೇ ದಿನ ಇಡಬೇಕು.

ಹೋದ ನವೆಂಬರಿನಲ್ಲಿ ಇದೇ ಓಣಿಗೆ ಒಮ್ಮೆ ಬೀಗ ಬಿದ್ದಿತ್ತು. ಆಗ ಸಿಕ್ಕಿದ್ದು ಯಕೃತ್ತಿಗೆ ತಗಲುವ ನಿಜವಾದ ವೈರಸ್ಸು. ಇಂದುಮತಿಯೇ ಪದ ಒತ್ತಿ ಕಾಯಂ ಮಾಡಿದ್ದಳು, ಒತ್ತಿದ್ದರಿಂದ ಊರು ಉಳಿದಿತ್ತು. ಹಾಗಾಗಿ ಪದ ಸುಮ್ಮನೆ ಬರುತ್ತದೆ ಎಂದು ಅವಳು ಯಾವತ್ತೂ ಹೇಳುವವಳಲ್ಲ.

ಪರದೆಯ ಮುಂದೆ ನಿಂತು ಅವಳು ಮೊದಲು ನೋಡಿದ್ದು ಹಳೆಯ ದಾಖಲೆಯನ್ನು. ಆ ಜೀವಿ ಮೊಟ್ಟಮೊದಲು ಕಂಡಿದ್ದು ಮೂರನೆಯ ಮನೆಯಲ್ಲಿ. ಅಲ್ಲಿಂದ ಎರಡು ಮನೆಗೆ, ಅಲ್ಲಿಂದ ಐದಕ್ಕೆ, ಹನ್ನೊಂದಕ್ಕೆ, ಹದಿನೇಳಕ್ಕೆ. ಏರುವ ಗೆರೆ ಸಾಂಕ್ರಾಮಿಕದ್ದೇ. ಜೊತೆಗೆ ಇನ್ನೆರಡು ಸಂಗತಿಗಳಿದ್ದವು. ಅದು ಹೊಕ್ಕ ಮನೆಗಳ ನೀರಿನಲ್ಲಿ ಮಾಮೂಲಿ ಬ್ಯಾಕ್ಟೀರಿಯಾಗಳು ಕಡಿಮೆಯಾಗುತ್ತಿದ್ದವು. ಅದರ ವಂಶತಂತುವಿನಲ್ಲಿ, ಜೀವಕೋಶದ ಪೊರೆಗೆ ತೂತು ಕೊರೆಯುವ ಪ್ರೋಟೀನನ್ನು ಹೋಲುವ ಒಂದು ತುಣುಕು ಇತ್ತು.

"ಮೂರನೇ ಮನಿ ಅಂದ್ರ..." ಎಂದು ರಿಯಾನಾ ಮಾತು ನಿಲ್ಲಿಸಿದಳು.

"ನಮ್ಮ ಅಕ್ಕಂದು" ಎಂದಳು ಇಂದುಮತಿ. "ಆ ತೂತು ಕೊರೆಯೋ ಪ್ರೋಟೀನ್ ತಯಾರು ಮಾಡಾಕ ಹಚ್ಚು. ಮನುಷ್ಯರ ಕರುಳಿನ ಕೋಶದ ಮ್ಯಾಲೆ ಹಾಕಿ ನೋಡೂಣು. ಎಷ್ಟೊತ್ತು ಬೇಕು?"

"ಮಧ್ಯಾಹ್ನ ಆಗತೈತ್ರಿ."

ಇಂದುಮತಿ ಹೊರಗಿನ ವರಾಂಡಕ್ಕೆ ಬಂದು ಅಕ್ಕನಿಗೆ ಫೋನು ಮಾಡಿದಳು.

"ಅಕ್ಕಾ, ವಿನುತಾ ಹೆಂಗದಾಳ?"

"ಬ್ಯಾನಿ ಸುರುವಾಗ್ಯಾವ ನೋಡವಾ, ನಸುಕಿನ್ಯಾಗಿಂದ. ಸಿಸ್ಟರ್ ಬಂದು ನೋಡಿದ್ಲು. ಇನ್ನ ಹೊತ್ತೈತಿ, ಮಧ್ಯಾಹ್ನದ ಮ್ಯಾಲೆ ದವಾಖಾನಿಗೆ ಕರಕೊಂಡ ಬರ್ರಿ ಅಂದಾಳ. ನೀ ಯಾಕ ಇಷ್ಟ ಲಗೂ ಫೋನ್ ಮಾಡೀ?"

ಇಂದುಮತಿ ಒಳಗಿನ ಬಾಗಿಲನ್ನು ಎಳೆದು ಮುಚ್ಚಿದಳು. ಆಚೆಯಿಂದ ಕಸ್ತೂರಿಯ ದನಿ ತಗ್ಗಿತು.

"ಇಂದೂ, ಯಾವ ಶಬ್ದ?"

"ಅದನ್ನ ಹೇಳಾಕ ಬರೂದಿಲ್ಲಕ್ಕಾ."

"ಹಂಗಾದ್ರ ಗೊತ್ತಾತ ಬಿಡು. ಸ್ಟ್ರೇಂಜ್ ಆಗಿದ್ರ ನೀ ಹೇಳತಿದ್ದಿ." ಆಮೇಲೆ ಕೇಳಿದಳು. "ಕೂಸಿನ್ನ ಕಸಗೊಂಡ ಹೊಕ್ಕಾರೇನ?"

"ಇನ್ನ ಏನೂ ಆಗಿಲ್ಲ. ನಾನು ಬರ್ತೀನಿ ತಡಿ."

ಹುಬ್ಬಳ್ಳಿಯ ವಲಯ ಕೇಂದ್ರದಲ್ಲಿ ಅವಳ ಮೇಲಧಿಕಾರಿ ವಾಮನ ಕಾಖಂಡಿಕಿ. ಅರವತ್ತಕ್ಕೆ ಹತ್ತಿರವಾದ, ಮೆಲ್ಲಗೆ ಮಾತಾಡುವ, ನಿಯಮವನ್ನು ಗೆರೆ ಹಿಡಿದು ಓದುವ ಮನುಷ್ಯ. ಅವರ ಕರೆ ತಾನಾಗಿಯೇ ಬಂತು.

"ಇಂದುಮತಿ ಅವರ, ನೋಡಿದೆ. ಮಧ್ಯಾಹ್ನ ಎರಡು ಗಂಟಿಯೊಳಗ ನೀವು ಪದ ಒತ್ತಬೇಕು. ಒತ್ತದಿದ್ರ ಯಂತ್ರದ ಪದಾನ ಕಾಯಂ ಆಗತದ. ನಿಮಗ ಗೊತ್ತದ."

"ಗೊತ್ತೈತಿ ಸರ್. ಮೊದಲನೇ ಮನಿ ನನ್ನ ಅಕ್ಕಂದು. ನೀವು ಬ್ಯಾರೆಯವರಿಗೆ ವಹಿಸಬಹುದು."

"ಬ್ಯಾರೆ ಯಾರಿದ್ದಾರ್ರಿ? ನಿಮ್ಮ ಮ್ಯಾಲೆ ನನಗ ಅನುಮಾನಿಲ್ಲ. ಆದ್ರ ಒಂದು ಮಾತು. ಪದ ಬದಲಿಸಬೇಕು ಅಂದ್ರ ಅದು ಏನು, ಎಲ್ಲಿಂದ ಬಂತು, ಯಾರಿಗೂ ಏನೂ ಮಾಡೂದಿಲ್ಲ ಅನ್ನೂದು ಮೂರೂ ಕೈಯಾಗ ಇರಬೇಕು. ಎರಡು ಇದ್ದು ಒಂದಿಲ್ಲ ಅಂದ್ರ ನಾನು ಸಹಿ ಮಾಡೂದಿಲ್ಲ."

ಅಗಸಿ ಓಣಿಗೆ ಹೋಗುವಾಗ ಇಂದುಮತಿ, ರಿಯಾನಾ ಇಬ್ಬರೂ ಬಿಳಿಯ ಮೇಲುಡುಪು ತೊಟ್ಟಿದ್ದರು. ಮೆಣಸಿನಕಾಯಿ ಪೇಟೆ ಭರಾಟೆಯಲ್ಲಿರುವ ಕಾಲ. ಕಟ್ಟೆಯ ಮೇಲೆ ಕೂತ ಹೆಂಗಸರು ಕೆಂಪು ರಾಶಿಯ ನಡುವೆ ಕೈಯಾಡಿಸುತ್ತ ಕಾಯಿಯಿಂದ ತೊಟ್ಟು ಬಿಡಿಸುತ್ತಿದ್ದರು. ಬಿಳಿ ಬಟ್ಟೆ ಕಂಡದ್ದೇ ಕೈಗಳು ನಿಂತವು.

"ಬಂದ್ರು ನೋಡ್ರವಾ" ಎಂದಳು ಬಸಲಿಂಗವ್ವ ಎಂಬ ಮುದುಕಿ. "ಹೋದ ಸಲ ನನ್ನ ಉಪ್ಪಿನಕಾಯಿ ಭರಣಿ ಸುಟ್ಟಿದ್ರಿ. ಈ ಸಲ ಏನ್ ಸುಡತೀರಿ? ನಾನs ಉಳದೀನಿ."

"ಯಾರಿಗಾದ್ರೂ ಜ್ವರ, ವಾಂತಿ, ಹೊಟ್ಟಿ ನೋವು ಐತೇನಮ್ಮಾ?" ರಿಯಾನಾ ಕೇಳಿದಳು.

"ಹೊಟ್ಟಿ ನೋವು ಈಗ ಸುರುವಾತು, ನಿಮ್ಮನ್ನ ನೋಡಿದ್ ಕೂಡ್ಲೆ."

ಹೆಂಗಸರು ನಕ್ಕರು. ಆದರೆ ನಗು ಬೇಗ ಮುಗಿಯಿತು. ಹಿಂದಿನ ಸಲ ಬೀಗ ತೆಗೆದ ಮೇಲೂ ತಿಂಗಳುಗಟ್ಟಲೆ ಬೇರೆ ಓಣಿಯವರು ಇವರ ಪಾತ್ರೆ ಮುಟ್ಟಿರಲಿಲ್ಲ. ಇವರು ತೊಟ್ಟು ಬಿಡಿಸಿದ ಕಾಯಿಯನ್ನು ವ್ಯಾಪಾರಿಗಳು ಬೇಡವೆಂದು ಹಿಂದಕ್ಕೆ ಕಳಿಸಿದ್ದರು. ಅದು ಎಲ್ಲರ ಮುಖದ ಮೇಲೂ ಇತ್ತು.

ಮನೆ ಮನೆಗೆ ಹೋಗಿ ಕೇಳಿದರು. ಬೇರೆ ಊರಿಗೆ ಹೋಗಿದ್ದಿರಾ? ಇಲ್ಲ. ಯಾರೊಂದಿಗಾದರೂ ಊಟ, ತಿಂಡಿ ಹಂಚಿಕೊಂಡಿರಾ? ಇಲ್ಲ. ಬೇರೆಯವರ ಮನೆಯ ನೀರು ಕುಡಿದಿರಾ? ಇಲ್ಲ. ಯಾರೂ ಸುಳ್ಳು ಹೇಳುತ್ತಿದ್ದಂತೆ ಕಾಣಲಿಲ್ಲ. ಒಬ್ಬರಿಗೂ ಕಾಯಿಲೆಯೂ ಇರಲಿಲ್ಲ. ಆದರೆ ಯಕೃತ್ತಿನ ವೈರಸ್ಸೂ ಮೊದಲ ತಿಂಗಳು ಯಾರನ್ನೂ ಮಲಗಿಸಿರಲಿಲ್ಲ ಎಂಬುದು ಇಂದುಮತಿಗೆ ನೆನಪಿತ್ತು.

ಕಸ್ತೂರಿಯ ಮನೆಯ ಪಡಸಾಲೆಯಲ್ಲಿ ವಿನುತಾ ಕಂಬ ಹಿಡಿದು ನಿಂತಿದ್ದಳು. ನೋವು ಬಂದಾಗ ಹಲ್ಲು ಕಚ್ಚುವಳು, ಹೋದಾಗ ಓಡಾಡುವಳು. ಚಿಕ್ಕಮ್ಮನ ಬಿಳಿ ಉಡುಪು ನೋಡಿ, "ಚಿಕ್ಕವ್ವಾ, ಇದನ್ನ ಹಾಕ್ಕೊಂಡs ನನ್ನ ಕೂಸಿನ್ನ ಎತ್ಕೋತೀಯೇನು?" ಎಂದಳು. ತಮಾಷೆಗೆ ಅಂದದ್ದೇ ಆದರೂ ಕಣ್ಣು ತುಂಬಿದ್ದವು.

ಇಂದುಮತಿ ಮುಖ ತಿರುಗಿಸಿ ಕೈಯಲ್ಲಿದ್ದ ನಕ್ಷೆ ನೋಡಿದಳು. ಓಣಿಯ ಎರಡೂ ಬದಿ ಕೆಂಪಾಗಿತ್ತು. ನಟ್ಟನಡುವೆ ಒಂದೇ ಒಂದು ಮನೆ ಬಿಳಿಯಾಗಿತ್ತು.

"ಅಕ್ಕಾ, ಈ ಒಂಬತ್ತನೇ ಮನಿ ಯಾರದು?"

"ನೀಲವ್ವಂದು. ಆಕಿ ಸುದ್ದಿ ಬ್ಯಾಡ. ಹೋದ ಸಲ ಫೋನ್ ಮಾಡಿ ನಿಮ್ಮವರನ್ನ ಕರಿಸಿದಾಕೀನ ಆಕಿ ಅಂತ. ಓಣ್ಯಾಗ ಯಾರೂ ಆಕಿ ಜೋಡಿ ಮಾತಾಡೂದಿಲ್ಲ."

"ಯಾರೂ ಫೋನ್ ಮಾಡಿರಲಿಲ್ಲಕ್ಕಾ. ಮೂಗು ಹೇಳಿತ್ತು."

"ಈಗ ಹೇಳತಿ ನೀ."

"ಆಕಿ ಮಕ್ಕಳು?"

"ಮಕ್ಕಳಿಗೆ ಏನ್ ಗೊತ್ತಾಗತೈತಿ? ದಿನಾ ನಮ್ಮ ಕಟ್ಟಿ ಮ್ಯಾಲ ಆಡತಾವು. ನಮ್ಮ ಹುಡುಗರ ಮೈಮ್ಯಾಲ ಬಿದ್ದು ಹೊರಳಾಡತಾವು."

ಇಂದುಮತಿ ನಕ್ಷೆಯ ಬಿಳಿ ಚೌಕವನ್ನು ಮತ್ತೆ ನೋಡಿದಳು. ಅದೇ ನಳದ ನೀರು. ಅದೇ ಗಾಳಿ, ಅದೇ ನೊಣ. ಅದೇ ಮಕ್ಕಳ ಎಂಜಲು, ಸಿಂಬಳ. ಜನರಿಂದ ಜನರಿಗೆ ಹಬ್ಬುವ ಯಾವ ರೋಗವೂ ಈ ಮನೆಯನ್ನು ಬಿಟ್ಟು ಮುಂದೆ ಹೋಗುವುದು ಸಾಧ್ಯವಿರಲಿಲ್ಲ. ಇದು ಮಾತ್ರ, ಮಾತು ಬಿಟ್ಟವರ ಹೊಸ್ತಿಲು ತಾನೂ ತುಳಿಯುವುದಿಲ್ಲ ಎಂಬಂತೆ ದಾಟಿ ಹೋಗಿತ್ತು. ಮಕ್ಕಳು ಹೋಗುವ ದಾರಿಯಲ್ಲಿ ಅದು ಹೋಗುತ್ತಿಲ್ಲ, ಹೆಂಗಸರು ಹೋಗುವ ದಾರಿಯಲ್ಲಿ ಹೋಗುತ್ತಿದೆ ಎಂಬಷ್ಟು ಅವಳಿಗೆ ಸ್ಪಷ್ಟವಾಯಿತು. ಆದರೆ ಏನು? ಒಬ್ಬರಿಂದ ಒಬ್ಬರಿಗೆ ಏನನ್ನೂ ಕೊಟ್ಟಿಲ್ಲವೆಂದು ಎಲ್ಲರೂ ಹೇಳಿದ್ದರಲ್ಲ!

ಆ ಹೊತ್ತಿಗೆ ರಿಯಾನಾ ಕೈಯಲ್ಲಿದ್ದ ಫಲಕ ಕಿರುಗುಟ್ಟಿತು. ನೋಡಿದವಳು ಇಂದುಮತಿಯ ಹತ್ತಿರ ಬಂದು, "ಮೇಡಮ್, ಇನ್ನೊಂದು ಮನಿ ಬಂತ್ರಿ. ಈ ಓಣಿದಲ್ಲ" ಎಂದಳು.

"ಎಲ್ಲಿದು?"

"ನೌಕರರ ವಸತಿ. ನಿಮ್ಮದ್ರಿ."

ಹೋದ ಭಾನುವಾರದ ಹಿಂದಿನ ಭಾನುವಾರ ಇಂದುಮತಿ ಅಕ್ಕನ ಮನೆಗೆ ಬಂದಿದ್ದಳು. ಅವಳ ಹೊರತು ಈ ಎರಡು ಜಾಗಗಳ ನಡುವೆ ಕೊಂಡಿ ಇಲ್ಲ. ತಾನೇ ಹೊತ್ತುಕೊಂಡು ಹೋದೆ ಎಂದು ಅರ್ಥವಾದಾಗ ಅವಳು ಮೊದಲು ಮಾಡಿದ್ದು, ತನ್ನ ಮೇಲೂ ಅದೇ ಪ್ರಶ್ನೆಗಳನ್ನು ಪ್ರಯೋಗಿಸಿದ್ದು. ಊಟ ಹಂಚಿಕೊಂಡೆಯಾ? ಆ ದಿನ ಉಪವಾಸ, ಉಂಡಿರಲಿಲ್ಲ. ನೀರು? ತನ್ನದೇ ಬಾಟಲಿ. ಏನಾದರೂ ತಂದೆಯಾ? ಇಲ್ಲ. ಏನೂ ತಂದಿಲ್ಲ.

ಕೈಯಲ್ಲಿ ಹಿಡಿಯುವ ಓದುಗ ಯಂತ್ರದೊಡನೆ ಅವಳು ಮನೆಗೆ ಬಂದಳು. ಗಂಡ ಮಧುಕರ ಕಾಲೇಜಿನಿಂದ ಬೇಗ ಬಂದು ಊಟಕ್ಕೆ ಕೂತಿದ್ದ. ವಿಷಯ ಕೇಳಿ ತುತ್ತು ಅರ್ಧಕ್ಕೇ ನಿಲ್ಲಿಸಿ, "ಅಂದ್ರ ನಾನೂ ನಾವೆಲ್ ಏನು?" ಎಂದ.

"ಚೇಷ್ಟಿ ಬ್ಯಾಡ. ನೆನಪು ಮಾಡಿ ಹೇಳು. ಹತ್ತು ದಿನದಾಗ ಈ ಮನ್ಯಾಗ ಏನು ಬದಲಾಗೈತಿ? ಹೊಸಾ ಸಾಬಣ, ಹೊಸಾ ಕಾಯಿಪಲ್ಲೆ, ಏನರ?"

ಮಧುಕರ ಯೋಚಿಸಿದ. ತಟ್ಟೆಯ ಕಡೆ ನೋಡಿದ. "ಏನೂ ಇಲ್ಲ. ಮೊಸರು ಒಂದು ಭಾರಿ ಆಗಾಕತ್ತೈತಿ. ಚಾಕು ಹಾಕಿ ಕೊಯ್ಯೂವಂಗ. ಮೊದಲಿನ ಮೊಸರು ನೀರು ನೀರು ಇರತಿತ್ತಲ್ಲ."

"ಯಾವಾಗಿಂದ?"

"ನೀನs ತಂದಿದ್ದಿಯಲ್ಲ, ಅಕ್ಕನ ಮನಿಯಿಂದ, ಸಣ್ಣ ಬಟ್ಟಲದಾಗ. ಹೆಪ್ಪು."

ಇಂದುಮತಿ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಳು.

ಹೌದು, ತಂದಿದ್ದಳು. ಹೊರಡುವಾಗ ಹಿತ್ತಿಲ ಬಾಗಿಲಲ್ಲಿ ಅಕ್ಕ ಒಂದು ಚಮಚದಷ್ಟು ಮೊಸರನ್ನು ಬಟ್ಟಲಿಗೆ ಹಾಕಿ ಕೈಗಿಟ್ಟಿದ್ದಳು. ಹಾಗೆ ಕೈಗಿಡುವುದನ್ನು ಯಾರೂ ಕೊಡುವುದು ಎನ್ನುವುದಿಲ್ಲ. ಸಕ್ಕರೆ ಕಡ ತಂದರೆ ಅಳೆದು ತಿರುಗಿ ಕೊಡುತ್ತಾರೆ. ಪಲ್ಲೆ ಬಂದ ಪಾತ್ರೆಯನ್ನು ಖಾಲಿ ಕಳಿಸುವುದಿಲ್ಲ. ಹೆಪ್ಪಿಗೆ ಈ ಯಾವುದೂ ಇಲ್ಲ. ಕೇಳುವವರು ಸಂಕೋಚವಿಲ್ಲದೆ ಕೇಳುತ್ತಾರೆ, ಕೊಡುವವರು ಮಾತು ನಿಲ್ಲಿಸದೆ ಕೊಡುತ್ತಾರೆ. ಮರುದಿನ ಇಬ್ಬರಿಗೂ ನೆನಪಿರುವುದಿಲ್ಲ. ಬಿಳಿ ಉಡುಪು ತೊಟ್ಟು ಹದಿನೇಳು ಮನೆಗಳಲ್ಲಿ ಕೇಳಿದ ಪ್ರಶ್ನೆಗೆ ಹದಿನೇಳು ಮನೆಯವರೂ ಇಲ್ಲ ಎಂದದ್ದು ಪೂರ್ತಿ ನಿಜ. ತಾನೂ ಈಗಷ್ಟೇ ಇಲ್ಲ ಎಂದುಕೊಂಡಿದ್ದಳು.

ತಟ್ಟೆಯಿಂದ ಒಂದು ತೊಟ್ಟು ಮೊಸರನ್ನು ಯಂತ್ರಕ್ಕೆ ಹಾಕಿ ಅಕ್ಕನಿಗೆ ಫೋನು ಹಚ್ಚಿದಳು.

"ಅಕ್ಕಾ, ನಿನ್ನ ಹೆಪ್ಪು ಎಲ್ಲಿಂದ ಬಂತು?"

"ಏನಂದಿ?"

"ಹೆಪ್ಪು. ಮೊಸರಿನ ಹೆಪ್ಪು."

"ಇಲ್ಲಿ ಮಗಳು ಹೆರಾಕತ್ತಾಳ, ನಿನಗ ಹೆಪ್ಪಿನ ಚಿಂತಿ ಬಿದ್ದೈತೇನು! ತಲಿ ನೆಟ್ಟಗೈತಿ ಇಲ್ಲ?"

"ಅಕ್ಕಾ, ಕೂಸಿನ ಆಣಿ, ಹೇಳು. ಹೋದ ಸಲ ನಿಮ್ಮ ಮನ್ಯಾಗಿಂದು ಎಲ್ಲಾ ಸುಟ್ಟಿದ್ರು. ಓಣ್ಯಾಗ ಒಂದು ಹನಿ ಹೆಪ್ಪು ಉಳದಿರಲಿಲ್ಲ. ಮತ್ತ ಎಲ್ಲಿಂದ ತಂದಿ?"

"ಎಲ್ಲಿಂದ ತರೂದು? ಬ್ಯಾರೆ ಓಣಿಯವರು ನಮ್ಮ ಬಟ್ಟಲ ಮುಟ್ಟಲಿಲ್ಲ. ಪ್ಯಾಕೆಟ್ ಮೊಸರು ತಂದು ಹಾಕಿದ್ರ ಹಾಲು ಹಾಲಾಗೇ ಕುಂದರತಿತ್ತು. ಇಕಿ ಬ್ಯಾರೆ ಬಸರಿ, ಹುಳಿ ಮೊಸರು ಬೇಕು ಅಂತ ಹಠಾ..."

ಹಿಂದಿನಿಂದ ವಿನುತಾಳ ಕೂಗು ಕೇಳಿತು. ನೋವಿನದೋ ಉತ್ತರದ್ದೋ ತಿಳಿಯುವಂತಿರಲಿಲ್ಲ. "ಮೆಣಸಿನಕಾಯಿ ತೊಟ್ಟು, ಚಿಕ್ಕವ್ವಾ! ಬೆಚ್ಚನ್ನ ಹಾಲಿಗೆ ಐದಾರು ತೊಟ್ಟು ಹಾಕಿ ಮುಚ್ಚಿಟ್ಟಿದ್ನಿ! ಅತ್ತಿ ಕಲಿಸಿದ್ರು! ಯವ್ವಾ ಯವ್ವಾ ಯವ್ವಾ..."

"ಕೇಳಿತಿಲ್ಲ?" ಎಂದಳು ಕಸ್ತೂರಿ. "ಎಷ್ಟು ಚಲೋ ಆತು ಅಂದ್ರ ಓಣಿ ಮಂದೆಲ್ಲಾ ಒಯ್ದ್ರು."

"ನೀಲವ್ವ?"

"ಆಕಿಗ್ಯಾಕ ಕೊಡ್ಲಿ?"

"ಮುಂಜಾನಿ ಕೇಳಿದಾಗ ಯಾಕ ಹೇಳಲಿಲ್ಲಕ್ಕಾ?"

"ನೀವು ಊಟ ಹಂಚೀರೇನು ಅಂದ್ರಿ. ಹೆಪ್ಪು ಊಟೇನ?"

ಯಂತ್ರ ಓದು ಮುಗಿಸಿತು. ತಟ್ಟೆಯ ಮೊಸರೂ ಚರಂಡಿಯ ನಾವೆಲ್ ಜೀವಿಯೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದವು. ಮಧುಕರ ತಟ್ಟೆಯನ್ನು ನೋಡಿದ, ಹೆಂಡತಿಯ ಮುಖ ನೋಡಿದ. "ಉಣ್ಣಲೋ ಬ್ಯಾಡೋ?" ಎಂದು ಕೇಳಿದ.

"ತಡಿ" ಎಂದು ಹೇಳಿ ಇಂದುಮತಿ ಹೊರಟಳು. ಪ್ರೋಟೀನಿನ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ಹೆಪ್ಪು ಎಂದು ಗೊತ್ತಾದ ಮಾತ್ರಕ್ಕೆ ಅದು ಒಳ್ಳೆಯದೇ ಎಂದು ಹೇಳುವಂತಿಲ್ಲ ಎಂಬುದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಕಾಖಂಡಿಕಿಯವರು ಪರದೆಯ ಮೇಲೆ ಬಂದು ಎಲ್ಲವನ್ನೂ ಕೇಳಿಸಿಕೊಂಡರು. ನಗಲಿಲ್ಲ, ಬೈಯಲೂ ಇಲ್ಲ.

"ಅದು ಏನು ಅನ್ನೂದು ಗೊತ್ತಾತು. ಹಾಲು ಹುಳಿ ಮಾಡೂ ಒಂದು ಬ್ಯಾಕ್ಟೀರಿಯಾ. ಎಲ್ಲಿಂದ ಬಂತು ಅನ್ನೂದು ಮಾತ್ರ ನಿಮ್ಮ ಅಕ್ಕನ ಮಗಳ ಬಾಯಿಮಾತು."

"ಅವರ ಮನ್ಯಾಗಿನ ತೊಟ್ಟು ತರಿಸಿ ಓದಿಸ್ತೀನಿ ಸರ್."

"ಅವರ ಮನೀದು ಬ್ಯಾಡ. ಆ ಮನ್ಯಾಗ ಮೊಸರಿನ ಕೈ ಎಲ್ಲಾ ಕಡೆ ಹತ್ತಿರತದ. ಪ್ಯಾಟಿಗೆ ಹೋಗಿ ಬ್ಯಾರೆ ಬ್ಯಾರೆ ಊರಿಂದ ಬಂದ ಚೀಲದ ಕಾಯಿ ತರ್ರಿ."

ಇಂದುಮತಿಗೆ ಆ ಕ್ಷಣಕ್ಕೆ ಸಿಟ್ಟು ಬಂತು. ಮರುಕ್ಷಣ ತಾನೇ ಅದನ್ನು ಹೇಳಬೇಕಿತ್ತಲ್ಲ ಎನ್ನಿಸಿತು. ರಿಯಾನಾ ಸ್ಕೂಟರ್ ಹತ್ತಿ ಪೇಟೆಗೆ ಓಡಿದಳು. ಮೂರು ಊರುಗಳ ಮೂರು ಚೀಲದಿಂದ ಮೂರು ಹಿಡಿ ಕಾಯಿ ತಂದಳು. ಘಾಟಿಗೆ ಸೀನುತ್ತಲೇ ತೊಟ್ಟು ಮುರಿದು ಯಂತ್ರಕ್ಕೆ ಹಾಕಿದಳು. ದೊಡ್ಡ ಯಂತ್ರ ನಿಧಾನವಾಗಿ ಓದುತ್ತಿತ್ತು.

ಇತ್ತ ಮೂಲೆಯ ಗಾಜಿನ ತಟ್ಟೆಗಳಲ್ಲಿ ಆ ಪ್ರೋಟೀನನ್ನು ಎರಡು ಬಗೆಯ ಕೋಶಗಳ ಮೇಲೆ ಹನಿಸಿಯಾಗಿತ್ತು. ಒಂದರಲ್ಲಿ ಚರಂಡಿಯ ಮಾಮೂಲಿ ಬ್ಯಾಕ್ಟೀರಿಯಾ, ಇನ್ನೊಂದರಲ್ಲಿ ಮನುಷ್ಯರ ಕರುಳಿನ ಕೋಶ. ಸತ್ತ ಕೋಶ ಹಸಿರಾಗಿ ಹೊಳೆಯಬೇಕು. ಮೊದಲನೆಯ ತಟ್ಟೆ ಹಸಿರಾಯಿತು. ಎರಡನೆಯ ತಟ್ಟೆಯ ಮೇಲೆ ಇಂದುಮತಿ ಕಣ್ಣು ನೆಟ್ಟು ಕೂತಳು. ಜೀವವಿಜ್ಞಾನ ಓದಿದ ಇಷ್ಟು ವರ್ಷಗಳಲ್ಲಿ ಒಂದು ತಟ್ಟೆ ಖಾಲಿಯಾಗಿಯೇ ಉಳಿಯಲಿ ಎಂದು ಅವಳು ಇಷ್ಟು ಹಂಬಲಿಸಿರಲಿಲ್ಲ. ಹಾಗೆ ಹಂಬಲಿಸುವ ಕಣ್ಣನ್ನು ನಂಬಬಾರದೆಂದು ರಿಯಾನಾಳನ್ನೂ ಕರೆದು ಕೂರಿಸಿಕೊಂಡಳು.

ನಡುವೆ ಕಸ್ತೂರಿಯ ಕರೆ ಬಂತು. "ದವಾಖಾನಿ ಗಾಡಿ ಬಂದೈತಿ. ಓಣಿ ಬಾಯಾಗ ನಿಂತೈತಿ. ಪದ ಗೊತ್ತಾಗೂ ಮಟಾ ಎಲ್ಲಿಗೆ ಒಯ್ಯಬೇಕು ಅಂತ ನಮಗ ಗೊತ್ತಿಲ್ಲ ಅಂತಾನ ಡ್ರೈವರ್. ಬ್ಯಾಡಗಿಗೋ ಹಾವೇರಿಗೋ ಹೇಳ್ರಿ ಅಂತಾನ. ಏನ್ ಹೇಳ್ಲಿ ಇಂದೂ?"

"ಕೂಡಿಸು. ಗಾಡ್ಯಾಗ ಕೂಡಿಸು. ಈಗ ಹೇಳ್ತೀನಿ."

ಹೇಳಲು ಇನ್ನೂ ಏನೂ ಇರಲಿಲ್ಲ. ಪರದೆಯ ಮೂಲೆಯಲ್ಲಿ ಎರಡು ಗಂಟೆಗೆ ಉಳಿದ ಸಮಯ ಇಳಿಯುತ್ತಿತ್ತು.

"ಹಸಿರು ಇಲ್ರಿ ಮೇಡಮ್" ಎಂದಳು ರಿಯಾನಾ. "ಒಂದೂ ಇಲ್ಲ. ಬ್ಯಾಕ್ಟೀರಿಯಾ ಪೊರಿಗೆ ಅಷ್ಟs ತೂತು ಹೊಡೀತೈತಿ. ನಮ್ಮ ಕೋಶಕ್ಕ ಹತ್ತೂದs ಇಲ್ಲ."

ಇಂದುಮತಿ ತಟ್ಟೆಯನ್ನು ಕ್ಯಾಮೆರಾದ ಮುಂದೆ ಹಿಡಿದಳು. ಹುಬ್ಬಳ್ಳಿಯಲ್ಲಿ ಕಾಖಂಡಿಕಿಯವರು ಕನ್ನಡಕ ಏರಿಸಿ ನೋಡಿದರು. "ಎರಡು ಆತು" ಎಂದರು. "ಮೂರನೇದು?"

ಮೂರನೆಯದು ಒಂದೊಂದಾಗಿ ಬಂತು. ಮೊದಲ ಊರಿನ ತೊಟ್ಟು, ತಾಳೆ. ಎರಡನೆಯ ಊರಿನದು, ತಾಳೆ. ಮೂರನೆಯದರಲ್ಲಿ ಅದೇ ಜೀವಿ, ಜೊತೆಗೆ ಅದರ ಇನ್ನೊಂದು ದಾಯಾದಿ. ಬ್ಯಾಡಗಿಯ ಮೆಣಸಿನಕಾಯಿ ಎಷ್ಟು ಹಳೆಯದೋ ಅದೂ ಅಷ್ಟೇ ಹಳೆಯದಿರಬೇಕು. ಭಂಡಾರ ಕಟ್ಟಿದವರು ಆಸ್ಪತ್ರೆಗಳನ್ನು ಓದಿಸಿದ್ದರು, ದೊಡ್ಡ ಹಾಲಿನ ಕಾರ್ಖಾನೆಗಳನ್ನು ಓದಿಸಿದ್ದರು. ಒಣಗಿದ ತೊಟ್ಟನ್ನು ಯಾರೂ ಓದಿಸಿರಲಿಲ್ಲ.

"ಭಂಡಾರಕ್ಕ ಸೇರಸ್ರಿ" ಎಂದರು ಕಾಖಂಡಿಕಿ. "ನಾನು ಸಹಿ ಮಾಡ್ತೀನಿ. ಹೆಸರು ಏನು ಕೊಡ್ತೀರಿ?"

"ಬ್ಯಾಡಗಿ ತೊಟ್ಟು, ಒಂದು" ಎಂದಳು ಇಂದುಮತಿ. ಅದಕ್ಕಿಂತ ಚಂದದ ಹೆಸರು ಯೋಚಿಸುವಷ್ಟು ಹೊತ್ತು ಇರಲಿಲ್ಲ.

ಸಹಿ ಬಿದ್ದಿತು. ಯಂತ್ರ ಇನ್ನೊಮ್ಮೆ ತಾಳೆ ನೋಡಿತು. ಪರದೆಯ ಮೇಲಿನ ಹದಿನೆಂಟು ಕೆಂಪು ಪದಗಳೂ ಒಂದರ ಹಿಂದೊಂದು ಮಾಯವಾದವು. ಅವುಗಳ ಜಾಗಕ್ಕೆ ಬೇರೆ ಪದ ಬರಬಹುದೆಂದು ರಿಯಾನಾ ಕಾದಳು. ಬರಲಿಲ್ಲ. ಗೊತ್ತಿರುವುದಕ್ಕೆ ಆ ಯಂತ್ರದಲ್ಲಿ ಪದವೇ ಇರಲಿಲ್ಲ. ಅಗಸಿ ಓಣಿಯ ಮುಂದೆ ಬರಿಯ ಖಾಲಿ ಜಾಗ ಉಳಿಯಿತು. ಇಂದುಮತಿಗೆ ಅಷ್ಟು ಚಂದದ ಖಾಲಿ ಜಾಗ ಯಾವತ್ತೂ ಕಂಡಿರಲಿಲ್ಲ.

"ಒಂದು ಮಾತು ಕೇಳಲೇನ್ರಿ?" ಎಂದರು ಕಾಖಂಡಿಕಿ, ಕರೆ ಮುಗಿಸುವ ಮೊದಲು. "ನಮ್ಮ ಮನ್ಯಾಗೂ ಪ್ಯಾಕೆಟ್ ಮೊಸರs ಅದ. ಹೆಪ್ಪು ಆಗೂದಿಲ್ಲ. ಐದಾರು ತೊಟ್ಟು ಅಂದ್ರಲ್ಲ, ಹಾಲು ಎಷ್ಟು ಬೆಚ್ಚಗಿರಬೇಕು?"

"ಕೇಳಿ ಹೇಳ್ತೀನಿ ಸರ್. ಇವತ್ತು ಬ್ಯಾಡ. ಹೇಳೂವಾಕಿ ದವಾಖಾನಿಗೆ ಹೊಂಟಾಳ."

ಗಾಡಿ ಬ್ಯಾಡಗಿಯ ಆಸ್ಪತ್ರೆಯ ಕಡೆಗೇ ಹೊರಟಿತು. ಓಣಿಯ ಬಾಯಿಯಲ್ಲಿ ಬೀಗ ಹಿಡಿದು ನಿಂತಿದ್ದ ಇಬ್ಬರು ಪೊಲೀಸರು ಬಸಲಿಂಗವ್ವ ಕೊಟ್ಟ ಮಜ್ಜಿಗೆ ಕುಡಿದು ಮರಳಿದರು.

ಇಂದುಮತಿ ಆಸ್ಪತ್ರೆಗೆ ಬಂದಾಗ ಹೊತ್ತು ಇಳಿದಿತ್ತು. ಹೆರಿಗೆ ಕೋಣೆಯ ಹೊರಗೆ ಕಸ್ತೂರಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ತಂಗಿಯನ್ನು ಮಾಮೂಲಿ ಸೀರೆಯಲ್ಲಿ ಕಂಡು ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

"ಹೆಂಗ ಗೊತ್ತಾತು ನಿನಗ, ಹೆಪ್ಪು ಅಂತ?"

"ನೀಲವ್ವನ ಮನಿ ಒಂದು ಖಾಲಿ ಇತ್ತಲ್ಲಕ್ಕಾ. ಅದು ಇಲ್ಲದಿದ್ರ ನನಗ ಏನೂ ಹೊಳೀತಿರಲಿಲ್ಲ."

ಕಸ್ತೂರಿ ಅದನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಹೊರಳಿಸಿದಳು. "ಅಂದ್ರ ಆಕಿ ಜೋಡಿ ಮಾತು ಬಿಟ್ಟಿದ್ದು ಚಲೋನ ಆತು ಅನ್ನು."

"ಅಕ್ಕಾ!"

"ಆತು ಬಿಡವಾ. ಪೇಢೆ ಹಂಚೂವಾಗ ಆಕಿಗೂ ಕೊಡ್ತೀನಿ."

ಒಳಗೆ ವಿನುತಾ ಒಮ್ಮೆ ಜೋರಾಗಿ ಕೂಗಿದಳು. ಆಮೇಲೆ ಒಂದು ಕ್ಷಣ ಏನೂ ಕೇಳಿಸಲಿಲ್ಲ. ಆಮೇಲೆ, ಇದುವರೆಗೆ ಯಾರೂ ಕೇಳಿರದ ಒಂದು ದನಿ, ಸಣ್ಣದಾಗಿ, ಒಡಕಾಗಿ, ಬಹಳ ಸಿಟ್ಟಿನಿಂದ ಅಳತೊಡಗಿತು. ಅಕ್ಕತಂಗಿಯರಿಬ್ಬರೂ ಎದ್ದು ನಿಂತರು.

ಬಾಗಿಲು ತೆರೆದು ಸಿಸ್ಟರ್ ಹೊರಗೆ ಇಣುಕಿದಳು. "ಹೆಣ್ಣು. ಇಬ್ಬರೂ ಆರಾಮದಾರ. ಒಳಗ ಬರ್ರಿ, ತಾಯಿ ಪಕ್ಕಾನ ಮಲಗಿಸೀನಿ. ತೂಕಾನೂ ಮಾಡೀನಿ."

ಎರಡು ಕಿಲೋ ಒಂಬೈನೂರ ಹತ್ತು ಗ್ರಾಂ.